‘ಖಂಡಿಸು’ ಬಳಸುವಾಗ ಗಮನಿಸಬೇಕಾದ್ದು

ಕೃತ್ಯವೋ ಹೇಳಿಕೆಯೋ ತಪ್ಪೆಂದು ತೀರ್ಪು ಕೊಟ್ಟು, ಅದನ್ನು ಬಹಿರಂಗವಾಗಿ ಹೇಳುವುದು ಖಂಡನೆ. ಮನಸ್ಸಿನೊಳಗಿನ ಅಸಮಾಧಾನಕ್ಕೆ ಈ ಪದ ಸಲ್ಲದು.

ಮೊದಲು ತೂಕ ನೋಡಿ. ಗುಣದೋಷಗಳನ್ನು ತೂಗುತ್ತಿದ್ದರೆ ‘ಟೀಕೆ’. ಒಪ್ಪಿಗೆಯಿಲ್ಲ ಎಂದಷ್ಟೇ ಹೇಳುವುದಾದರೆ ‘ಆಕ್ಷೇಪ’. ವ್ಯಕ್ತಿಯನ್ನೇ ಹೀಯಾಳಿಸಿದರೆ ‘ನಿಂದನೆ’. ಊಟಕ್ಕೆ ಉಪ್ಪು ಕಡಿಮೆಯಾದದ್ದನ್ನು ಯಾರೂ ಖಂಡಿಸುವುದಿಲ್ಲ, ಬೇಕಾದರೆ ಗೊಣಗುತ್ತಾರೆ.

ಆಮೇಲೆ ವಿಭಕ್ತಿ. ‘ಹಲ್ಲೆಯನ್ನು ಖಂಡಿಸಿದರು’ ಸರಿ, ‘ಹಲ್ಲೆಗೆ ಖಂಡಿಸಿದರು’ ತಪ್ಪು. ‘ನಿರ್ಧಾರಕ್ಕೆ ಆಕ್ಷೇಪ’ ಎಂಬ ರೂಢಿ ಇಲ್ಲಿಗೂ ನುಸುಳುವುದರಿಂದ ಈ ಎಡವಟ್ಟು. ‘ಅಧ್ಯಕ್ಷರ ಖಂಡನೆ’ ಎಂಬ ಶೀರ್ಷಿಕೆ ಇನ್ನೂ ಅಪಾಯಕಾರಿ: ಖಂಡಿಸಿದವರು ಅಧ್ಯಕ್ಷರೋ, ಖಂಡನೆಗೆ ಗುರಿಯಾದವರೋ? ‘ಅಧ್ಯಕ್ಷರಿಂದ ಖಂಡನೆ’ ಅಥವಾ ‘ಅಧ್ಯಕ್ಷರ ವಿರುದ್ಧ ಖಂಡನೆ’ ಎಂದು ಬಿಡಿಸಿ ಬರೆಯಿರಿ.

ವಿಶೇಷಣ ಬೇಕಾದಾಗ ‘ಖಂಡನೀಯ ಕೃತ್ಯ’ ಎನ್ನಿ. ‘ಖಂಡಿತ ಕೃತ್ಯ’ ಎಂದರೆ ಕೆಲಸ ಕೆಡುತ್ತದೆ. ಧಾತು ಒಂದೇ ಆದರೂ ಕನ್ನಡದಲ್ಲಿ ‘ಖಂಡಿತ’ಕ್ಕೆ ‘ನಿಶ್ಚಯವಾಗಿ’ ಎಂಬ ಅರ್ಥವೇ ಗಟ್ಟಿಯಾಗಿದೆ.

ಚರ್ಚೆಯಲ್ಲಿ ‘ವಾದವನ್ನು ಖಂಡಿಸಿದರು’ ಎಂದಿದ್ದರೆ ಬೈದರು ಎಂದಲ್ಲ, ತರ್ಕದಿಂದ ಮುರಿದರು ಎಂದು. ‘ಖಂಡನೆ–ಮಂಡನೆ’ಯಲ್ಲಿರುವುದೂ ಇದೇ ಅರ್ಥ. ‘ತೀವ್ರವಾಗಿ’, ‘ಉಗ್ರವಾಗಿ’ಗಳನ್ನು ಪ್ರತಿ ಸಲವೂ ಅಂಟಿಸಬೇಡಿ; ಪದಕ್ಕೆ ತನ್ನದೇ ಖಾರವಿದೆ.