ತೋಳು ಜಪಾನಿನದು, ಕೈ ಪೀಣ್ಯದ್ದು

ಜಪಾನಿನ ರೋಬೋಟ್ ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಹೋಂಡಾದ ಅಸಿಮೋ. ನೋಡೋಕೆ ಚೆಂದ ಇತ್ತು, 2022ರಲ್ಲಿ ನಿವೃತ್ತಿಯೂ ಆಯಿತು. ವ್ಯಾಪಾರ ಇರುವುದು ಕಾರ್ಖಾನೆಯಲ್ಲಿ ಹಗಲು ರಾತ್ರಿ ದುಡಿಯುವ ಒಂಟಿ ತೋಳಿನ ರೋಬೋಟ್‌ಗಳಲ್ಲಿ. ಫುಜಿ ಬೆಟ್ಟದ ಬುಡದಲ್ಲಿ ಫ್ಯಾನುಕ್ ಮಾಡುವ ಹಳದಿ ತೋಳು, ಕಿಟಕ್ಯುಶುವಿನ ಯಾಸ್ಕಾವಾ ಮಾಡುವ ನೀಲಿ ತೋಳು. ಎರಡೂ ಕಂಪನಿಗಳ ಕಚೇರಿ ಬೆಂಗಳೂರಿನಲ್ಲೂ ಇವೆ.

ಆದರೆ ಈ ತೋಳಿಗೆ ಕೈ ಇರುವುದಿಲ್ಲ. ಮಣಿಕಟ್ಟಿನ ಜಾಗದಲ್ಲಿ ಒಂದು ದುಂಡನೆಯ ಫ್ಲ್ಯಾಂಜ್, ಅಂದರೆ ಲೋಹದ ಬಿಲ್ಲೆ, ಅದರಲ್ಲಿ ಬೋಲ್ಟ್ ಹಾಕಲು ತೂತು, ಅಷ್ಟೇ. ಬೇರಿಂಗ್ ಎತ್ತಬೇಕೋ, ರಟ್ಟಿನ ಡಬ್ಬ ಎತ್ತಬೇಕೋ, ಅದಕ್ಕೆ ತಕ್ಕ ಕೈ, ಅಂದರೆ ಗ್ರಿಪ್ಪರ್, ಇನ್ಯಾರೋ ಮಾಡಿಕೊಡಬೇಕು. ಪೀಣ್ಯದಲ್ಲಿ ನಮ್ಮದು ಫಿಕ್ಸ್ಚರ್ (ಕೆಲಸ ಮಾಡುವಾಗ ಬಿಡಿಭಾಗವನ್ನು ಅಲುಗದಂತೆ ಹಿಡಿದಿಡುವ ಸಾಧನ) ಮಾಡುವ ಸಣ್ಣ ವರ್ಕ್‌ಶಾಪ್. ಈ ಕೆಲಸ ನಾವೇ ಯಾಕೆ ಹಿಡಿಯಬಾರದು ಅನ್ನಿಸಿತು.

ಟೋಕಿಯೋದ ಬಿಗ್ ಸೈಟ್‌ನಲ್ಲಿ ಎರಡು ವರ್ಷಕ್ಕೊಮ್ಮೆ ಅಂತರರಾಷ್ಟ್ರೀಯ ರೋಬೋಟ್ ಪ್ರದರ್ಶನ ನಡೆಯುತ್ತದೆ. 2023ರಲ್ಲಿ ಹೋದೆ. ದೊಡ್ಡವರ ಮಳಿಗೆಗಳಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ. ನನಗೆ ಬೇಕಾಗಿದ್ದವರು ಇಂಟಿಗ್ರೇಟರ್‌ಗಳು, ಅಂದರೆ ತೋಳು ಕೊಂಡು ಕಾರ್ಖಾನೆಗೆ ಹೊಂದಿಸಿ ಕೊಡುವ ಚಿಕ್ಕ ಕಂಪನಿಯವರು. ಅಲ್ಲಿ ಕೆಲಸಕ್ಕೆ ಹುಡುಗರು ಸಿಗುತ್ತಿಲ್ಲ, ಇರುವವರಿಗೆ ವಯಸ್ಸಾಗಿದೆ. ಹಾಗಾಗಿ ಮಾತಿಗೆ ಸಿಗುತ್ತಾರೆ.

ಕ್ಯಾಟಲಾಗ್ ಬದಲು ನಾವೇ ಮಾಡಿದ ಒಂದು ಗ್ರಿಪ್ಪರ್ ಬ್ಯಾಗಿನಲ್ಲಿಟ್ಟುಕೊಂಡು ಹೋಗಿದ್ದೆ. ಒಬ್ಬ ಹಿರಿಯ ಎಂಜಿನಿಯರ್ ಅದನ್ನು ಕೈಗೆತ್ತಿಕೊಂಡು, ಕನ್ನಡಕ ಹಣೆಗೇರಿಸಿ, ಅಂಚಿನುದ್ದಕ್ಕೂ ಉಗುರು ಎಳೆದು ನೋಡಿದರು. ಬೆಲೆ ಕೇಳಲಿಲ್ಲ. ದುಭಾಷಿಯ ಮೂಲಕ ಕೇಳಿದ್ದು ಒಂದೇ: "ತೂಕ ಎಷ್ಟು?"

ಸುಮ್ನೆ ಕೇಳಿದ್ದಲ್ಲ. 10 ಕೆ.ಜಿ. ಎತ್ತುವ ತೋಳಿಗೆ 4 ಕೆ.ಜಿ. ಗ್ರಿಪ್ಪರ್ ಹಾಕಿದರೆ, ಮಾಲು ಎತ್ತಲು ಉಳಿಯುವುದು 6 ಕೆ.ಜಿ. ಮಾತ್ರ. ನಾವು ಅಲ್ಯೂಮಿನಿಯಂ ಕೊರೆದು ತೆಗೆದ ಒಂದೊಂದು ಗ್ರಾಮೂ ಅವರಿಗೆ ಲಾಭ. ಉಗುರು ಎಳೆದಿದ್ದಕ್ಕೂ ಕಾರಣ ಇದೆ. ಮೊದಲು ಜಪಾನಿನಲ್ಲಿ 80 ವ್ಯಾಟ್‌ಗಿಂತ ದೊಡ್ಡ ಮೋಟರ್ ಇದ್ದರೆ ರೋಬೋಟ್ ಸುತ್ತ ಬೇಲಿ ಹಾಕಲೇಬೇಕಿತ್ತು. 2013ರ ಕೊನೆಗೆ ಅದು ಸಡಿಲವಾಯಿತು. ಅಪಾಯ ಎಷ್ಟಿದೆ ಅಂತ ಲೆಕ್ಕ ಹಾಕಿ, ತಕ್ಕ ಕ್ರಮ ತೆಗೆದುಕೊಂಡರೆ ಬೇಲಿ ಇಲ್ಲದೆ ನಡೆಸಬಹುದು. ಪಕ್ಕದಲ್ಲೇ ಮನುಷ್ಯ ನಿಂತಿರುತ್ತಾನಲ್ಲ, ಅಂಚು ಚೂಪಾಗಿದ್ದರೆ ಆಗುತ್ತಾ?

ಆಮೇಲೆ ಡ್ರಾಯಿಂಗ್ ಬಂತು. ಈ ಕೆಲಸಕ್ಕೆ ಇಳಿಯುವವರು ಇದನ್ನು ಗಮನಿಸಿ. ಒಂದು ವಸ್ತುವಿನ ಬೇರೆ ಬೇರೆ ಬದಿಯ ನೋಟಗಳನ್ನು ಕಾಗದದ ಮೇಲೆ ಜೋಡಿಸಲು ಎರಡು ಪದ್ಧತಿ ಇವೆ. ನಮ್ಮ ಕಾಲೇಜುಗಳಲ್ಲಿ ಕಲಿಸುವುದು ಫಸ್ಟ್ ಆ್ಯಂಗಲ್. ಜಪಾನಿನವರು ಬರೆಯುವುದು ಥರ್ಡ್ ಆ್ಯಂಗಲ್. ಬಲಗಡೆಯ ನೋಟ ನಮ್ಮಲ್ಲಿ ಎಡಕ್ಕೆ ಬರುತ್ತದೆ, ಅವರಲ್ಲಿ ಬಲಕ್ಕೇ ಇರುತ್ತದೆ. ಗಮನಿಸದೆ ಮೆಷಿನ್‌ಗೆ ಹಾಕಿದರೆ ತೂತು ತಪ್ಪು ಬದಿಗೆ ಬೀಳುತ್ತದೆ. ನಮ್ಮಲ್ಲಿ ಜಪಾನಿನ ಪ್ರತಿ ಡ್ರಾಯಿಂಗ್ ಮೇಲೂ ಕೆಂಪು ಪೆನ್ನಿನಲ್ಲಿ '3' ಬರೆದ ಮೇಲೇ ಅದು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್) ಹುಡುಗನ ಕೈಗೆ ಹೋಗುವುದು. ಉಕ್ಕಿನ ಹೆಸರೂ ಬೇರೆ. ಎಸ್‌45ಸಿ ಅಂತ ಬರೆದಿದ್ದರೆ ನಮ್ಮ ಅಂಗಡಿಯಲ್ಲಿ ಹತ್ತಿರದ್ದು ಇಎನ್‌8. ಆದರೂ ಅವರನ್ನು ಕೇಳದೆ ಬದಲಿಸುವ ಹಾಗಿಲ್ಲ.

ಮೊದಲ ಆರ್ಡರ್‌ಗೆ ಮುಂಚೆ ಬಂದ ಪ್ರಶ್ನೆಗಳಿಗೆ ಲೆಕ್ಕವೇ ಇಲ್ಲ. ಯಾವ ಗೇಜಿನಲ್ಲಿ ಅಳೆದಿರಿ, ಅದರ ಅಳತೆ ಸರಿಯಿದೆಯೇ ಅಂತ ಪರೀಕ್ಷೆ (ಕ್ಯಾಲಿಬ್ರೇಟ್) ಮಾಡಿಸಿದ್ದು ಯಾವಾಗ, ಪ್ಯಾಕಿಂಗ್‌ನಲ್ಲಿ ತುಕ್ಕು ಹಿಡಿಯದ ಹಾಗೆ ಏನು ಮಾಡುತ್ತೀರಿ. ನಮ್ಮ ಫಿಟ್ಟರ್ ರೇಗಿ "ಏನ್ ಸಾರ್, ಗ್ರಿಪ್ಪರ್ ತಗೋತಾರಾ, ನಮ್ ಜಾತಕ ತಗೋತಾರಾ?" ಅಂದ. ನನಗನ್ನಿಸುವುದು, ಅಲ್ಲಿ ಬೆಲೆ ಇಳಿಸಿ ಗೆಲ್ಲುವುದಕ್ಕಿಂತ ಉತ್ತರ ಬೇಗ ಕೊಟ್ಟು ಗೆಲ್ಲುವುದು ಸುಲಭ. ಅವರ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಹಾಗಾಗಿ ಬೆಳಿಗ್ಗೆ ಬಂದ ಕೂಡಲೇ ನಾನು ಮೊದಲು ನೋಡುವುದು ಜಪಾನಿನ ಮೇಲ್. ದುಡ್ಡಿನ ವಿಷಯ: ತಿಂಗಳ ಕೊನೆಗೆ ಬಿಲ್ಲುಗಳ ಲೆಕ್ಕ ಕಟ್ಟಿ, ಮುಂದಿನ ತಿಂಗಳ ಕೊನೆಗೆ ಕೊಡುವುದು ಅಲ್ಲಿ ರೂಢಿ. ಕೈಯಲ್ಲಿ ಬಂಡವಾಳ ಇಟ್ಟುಕೊಂಡೇ ಇಳಿಯಬೇಕು.

ಈಗ ಹೊಸ ವಿಚಾರಣೆಯೊಂದು ಬಂದಿದೆ: ಊಟದ ಡಬ್ಬಿಗೆ ಕರಿದ ಕೋಳಿ ತುಂಡು ಹಾಕುವ ಕೈ ಬೇಕಂತೆ. ಒಂದು ತುಂಡಿನ ಹಾಗೆ ಇನ್ನೊಂದಿಲ್ಲ, ಎಣ್ಣೆ ಜಾರುತ್ತದೆ, ಬಿಗಿ ಹಿಡಿದರೆ ಪುಡಿ ಉದುರುತ್ತದೆ. ಸಿಲಿಕೋನ್ ಬೆರಳು ಹಾಕಿ ಪ್ರಯೋಗ ನಡೆಸುತ್ತಿದ್ದೇವೆ. ಸ್ಯಾಂಪಲ್‌ಗೆ ತಂದ ಕೋಳಿ ಮಾತ್ರ ಮಧ್ಯಾಹ್ನದ ಹೊತ್ತಿಗೆ ಖಾಲಿ ಆಗಿರುತ್ತದೆ.