ಕಲಾವಿದರಿಗೆ ವ್ಯಾಪಾರ ಕಲಿಸಬೇಕೇ? ಗಂಟೆಯ ಲೆಕ್ಕದಿಂದ ಶುರು ಮಾಡಿ

ಗೊಂಬೆ ಮಾಡುವವರು, ನೇಯುವವರು, ಸಣ್ಣ ನಾಟಕ ತಂಡ ಕಟ್ಟಿಕೊಂಡವರು, ಇಂಥವರಿಗೆ ವ್ಯಾಪಾರದ ತರಬೇತಿ ಕೊಡಲು ಹೊರಟಿದ್ದೀರಾ? ಮೊದಲ ದಿನವೇ ಬಿಸಿನೆಸ್ ಪ್ಲಾನ್ ಫಾರ್ಮು ಹಂಚಬೇಡಿ. ಖಾಲಿ ಕಾಲಂಗಳನ್ನು ನೋಡಿ ಎಷ್ಟೋ ಜನ ಅಲ್ಲೇ ಹಿಂಜರಿಯುತ್ತಾರೆ.

ಹತ್ತು ಹನ್ನೆರಡು ಜನರ ಗುಂಪು ಸಾಕು. ಜಾಸ್ತಿ ಆದರೆ ಒಬ್ಬೊಬ್ಬರ ಲೆಕ್ಕ ನೋಡಲು ಆಗುವುದಿಲ್ಲ. ತರಬೇತಿಗೆ ಎರಡು ವಾರ ಮುಂಚೆಯೇ ಒಂದೊಂದು ನೋಟ್‌ಬುಕ್ ಕೊಡಿ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತು ಎಂದು ದಿನಾ ಬರೆಯಲಿ. ಸಾಮಾನು ತಂದದ್ದು, ರಿಹರ್ಸಲ್, ಗಿರಾಕಿಗಳ ಫೋನು, ಪ್ಯಾಕಿಂಗ್, ಎಲ್ಲವೂ ಬರಲಿ.

ಮೊದಲ ಪಾಠ ಬೆಲೆಯದ್ದು. ಇದಕ್ಕೆ ಇಡೀ ದಿನ ಕೊಟ್ಟರೂ ತಪ್ಪಿಲ್ಲ. ಹೆಚ್ಚಿನವರು ಸಾಮಗ್ರಿಯ ಖರ್ಚಿಗೆ ಸ್ವಲ್ಪ ಸೇರಿಸಿ ಸುಮ್ನೆ ಒಂದು ಬೆಲೆ ಹೇಳುತ್ತಾರೆ. ಪಕ್ಕದವರ ಬೆಲೆ ನೋಡಿ ಇಳಿಸುವವರೂ ಉಂಟು. ಬೋರ್ಡಿನ ಮೇಲೆ ಹೀಗೆ ಲೆಕ್ಕ ಹಾಕಿ: ಗೊಂಬೆ ಮಾಡುವವರೊಬ್ಬರಿಗೆ ಸಾಮಗ್ರಿ ಬಿಟ್ಟು ಮನೆ ಖರ್ಚು, ಬಾಡಿಗೆ, ಕರೆಂಟು ಎಲ್ಲ ಸೇರಿ ತಿಂಗಳಿಗೆ 30,000 ಬೇಕು. ದುಡಿಯುವುದು 160 ಗಂಟೆ. ಭಾಗಿಸಿದರೆ ಗಂಟೆಗೆ ಸುಮಾರು 190 ಬರುತ್ತದೆ. ಆದರೆ ನೋಟ್‌ಬುಕ್ ತೆರೆದರೆ ನಿಜವಾಗಿ ಗೊಂಬೆ ಮಾಡಿದ್ದು 100 ಗಂಟೆ ಮಾತ್ರ. ಉಳಿದದ್ದು ಓಡಾಟ, ಫೋನು. ಅಂದರೆ ಗಂಟೆಗೆ 300 ಬೇಕು. ಆರು ಗಂಟೆ ಹಿಡಿಯುವ ಗೊಂಬೆಗೆ ಕೂಲಿಯೇ 1,800. ಸಾಮಗ್ರಿ ಬೇರೆ. ಇಷ್ಟು ದಿನ ಎಷ್ಟು ಬಿಟ್ಟುಕೊಟ್ಟೆವು ಎಂದು ಅವರೇ ಲೆಕ್ಕ ಹಾಕಲಿ. ನೀವು ಭಾಷಣ ಮಾಡುವುದು ಬೇಡ.

ಆಮೇಲೆ ಮನೆ ದುಡ್ಡು, ಕೆಲಸದ ದುಡ್ಡು ಬೇರೆ ಬೇರೆ ಇಡುವುದನ್ನು ಕಲಿಸಿ. ಎರಡು ಬ್ಯಾಂಕ್ ಖಾತೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಎರಡು ಡಬ್ಬಿಯೂ ನಡೆಯುತ್ತದೆ. ಆರ್ಡರ್ ಬಂದರೆ ಮುಂಗಡ ಕೇಳುವುದನ್ನು ಇಬ್ಬಿಬ್ಬರು ಎದುರುಬದುರು ಕೂತು ಬಾಯಿಬಿಟ್ಟು ಅಭ್ಯಾಸ ಮಾಡಲಿ. ಕಲಾವಿದರಿಗೆ ದುಡ್ಡು ಕೇಳಲು ಸಂಕೋಚ ಅಲ್ವಾ?

ಕೃತಿಸ್ವಾಮ್ಯದ (ಕಾಪಿರೈಟ್) ಮಾತನ್ನು ಬಿಡಬೇಡಿ. ಕೃತಿಸ್ವಾಮ್ಯ ಕಾಯುವ ಅಂತರರಾಷ್ಟ್ರೀಯ ಒಪ್ಪಂದವಾದ 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ, ಒಪ್ಪಂದದ ರಕ್ಷಣೆ ಸಿಗಲು ನೋಂದಣಿ ಮಾಡಿಸಲೇಬೇಕು ಎಂದಿಲ್ಲ. ಆದರೂ ಕರಡು ಚಿತ್ರಗಳನ್ನು ತಾರೀಖು ಹಾಕಿ ಇಟ್ಟುಕೊಳ್ಳಲಿ, ಜಗಳ ಬಂದಾಗ ಆಧಾರ ಬೇಕು. ಒಂದು ಚಿತ್ರ ಮಾರಿದ ಮಾತ್ರಕ್ಕೆ ಅದನ್ನು ಸಾವಿರ ಚೀಲಗಳ ಮೇಲೆ ಅಚ್ಚು ಹಾಕುವ ಹಕ್ಕು ಮಾರಿದಂತಲ್ಲ. ಇದನ್ನು ಬಿಲ್ಲಿನಲ್ಲೇ ಒಂದು ಸಾಲು ಬರೆದುಕೊಡಲು ಹೇಳಿ.

ತಿಂಗಳು ಬಿಟ್ಟು ಅವರ ಕೆಲಸದ ಜಾಗಕ್ಕೇ ಹೋಗಿ. ಹೊಸ ಬೆಲೆ ಹೇಳಿದಾಗ ಗಿರಾಕಿ ಏನಂದರು ಎಂದು ವಿಚಾರಿಸಿ. ಬೆಲೆ ಹೇಳಲು ಇನ್ನೂ ಧೈರ್ಯ ಬಂದಿಲ್ಲದಿದ್ದರೆ, ಜೊತೆಗೆ ಕೂತು ಮುಂದಿನ ಆರ್ಡರಿನ ಲೆಕ್ಕ ಹಾಕಿಕೊಡಿ.