ಚಾವಡಿ ಕಂಬದ ಬುಡ ಬದಲಿಸಿದ್ದು

ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮ ಹಳೇ ಹಂಚಿನ ಮನೆ. ಚಾವಡಿಗೆ ನಾಲ್ಕು ಹಲಸಿನ ಕಂಬ. ಹೋದ ಮಳೆಗಾಲ ಮುಗಿದಾಗ ಒಂದರ ಬುಡದಲ್ಲಿ ಬಣ್ಣ ಉಬ್ಬಿತ್ತು. ಸ್ಕ್ರೂಡ್ರೈವರ್ ಒತ್ತಿದೆ, ಹಿಡಿಯವರೆಗೂ ಇಳಿಯಿತು. ತುದಿಗೆ ಒದ್ದೆ ಕಂದು ಪುಡಿ ಅಂಟಿತ್ತು. ಸುತ್ತಿಗೆಯಲ್ಲಿ ಕೆಳಗಿನಿಂದ ಬಡಿಯುತ್ತಾ ಬಂದೆ. ಒಂದು ಅಡಿಯವರೆಗೆ ಡಬ್ ಡಬ್, ಅದರ ಮೇಲೆ ಠಣ್ ಠಣ್.

ಅಜ್ಜನ ಕಾಲದಲ್ಲಿ ಕಂಬ ಕಲ್ಲಿನ ಮೇಲೆ ನಿಂತಿತ್ತು. ನಾವು ಟೈಲ್ಸ್ ಹಾಕಿಸಿದಾಗ ನೆಲ ಎತ್ತರವಾಗಿ ಕಲ್ಲು ಮುಚ್ಚಿಹೋಯಿತು, ಬುಡದ ಸುತ್ತ ಸಿಮೆಂಟ್ ಬಂತು. ಮರ ಜಾಸ್ತಿ ನೀರು ಕುಡಿಯುವುದು ಕಡಿದ ತುದಿಯಿಂದ. ಎರಚಲು ನೀರು ಆ ಸಂದಿಗೆ ಇಳಿದರೆ ಆರುವುದಕ್ಕೆ ದಾರಿಯೇ ಇಲ್ಲ. ಮತ್ತೆ ಮರ ಕೊಳೆತು ಕುಂಬಾಗದೆ ಇರುತ್ತದಾ?

ಪುಟ್ಟಿ ತುಂಬಿಸಿ ಬಣ್ಣ ಹೊಡೆಯಿರಿ ಎಂದರು ಕೆಲವರು. ನನಗೆ ಮನಸ್ಸಾಗಲಿಲ್ಲ. ಮಾಡಿನ (ಛಾವಣಿಯ) ಭಾರ ಹೊರುವ ಕಂಬ ಅದು, ಅಲ್ವಾ?

ಮಾರ್ಚ್‌ನಲ್ಲಿ ಕೆಲಸ ಹಿಡಿದೆವು. ಮೊದಲು ಆ ಭಾಗದ ಹಂಚು ಇಳಿಸಿದೆವು. ಕಂಬದ ಎರಡೂ ಬದಿಗೆ ತೊಲೆಯಡಿಯಲ್ಲಿ ದಪ್ಪ ಮರ ನಿಲ್ಲಿಸಿ, ಕೆಳಗೆ ಸ್ಕ್ರೂ ಜಾಕಿ ಇಟ್ಟೆವು. ಕಾಲು ಸುತ್ತು ತಿರುಗಿಸುವುದು, ನಿಲ್ಲಿಸಿ ಕಿವಿಗೊಡುವುದು. ಹಂಚು ಹೊರುವ ಪಕ್ಕಾಸು ಒಮ್ಮೆ ಕಿರ್ ಎಂದಾಗ ನನ್ನ ಎದೆ ಹೊಡೆದುಕೊಂಡಿತು. "ಅಣ್ಣಾ, ಮಾಡು ಎತ್ತುವುದು ಬೇಡ, ಕಂಬದ ಭಾರ ಇಳಿದರೆ ಸಾಕು," ಎಂದರು ಆಚಾರಿ. ಬುಡಕ್ಕೆ ಗರಗಸ ಹಾಕಿದಾಗ ಕಚ್ಚಿಕೊಳ್ಳಲಿಲ್ಲ. ಭಾರ ಇಳಿದಿದೆ ಎಂದು ಅದರಲ್ಲೇ ಗೊತ್ತಾಯಿತು.

ಕುಂಬು ಮುಗಿದಲ್ಲಿಂದ ಇನ್ನೂ ಒಂದು ಗೇಣು ಮೇಲೆ, ಗಟ್ಟಿ ಮರ ಸಿಕ್ಕಲ್ಲಿ ಕತ್ತರಿಸಿದೆವು. ಹೊಸ ಬುಡಕ್ಕೆ ಹಳೇ ದನದ ಹಟ್ಟಿಯ ಕಿರಾಲ್‌ಬೋಗಿ ಎಂಬ ಗಟ್ಟಿ ಮರದ ತೊಲೆ. ಹಸಿ ಮರ ಹಾಕಿದರೆ ಒಣಗುವಾಗ ಕುಗ್ಗಿ ಜೋಡಣೆ ಸಡಿಲವಾಗುತ್ತದೆ. ಕಂಬದ ತುದಿ, ಹೊಸ ಬುಡ ಎರಡನ್ನೂ ಅರ್ಧರ್ಧ ದಪ್ಪಕ್ಕೆ ಕೊಚ್ಚಿ ಒಂದರ ಮೇಲೊಂದು ಕೂರಿಸಿದೆವು. ಕಂಬ 6 ಇಂಚು ದಪ್ಪ, ಕೂಡಿಸಿದ ಉದ್ದ 18 ಇಂಚು. ಉದ್ದ ಕಡಿಮೆ ಮಾಡಲು ಆಚಾರಿ ಒಪ್ಪಲೇ ಇಲ್ಲ, ಅದು ಸರಿ ಕೂಡ. ಎರಡು ಸ್ಟೀಲ್ ಬೋಲ್ಟ್ ಹಾಕಿ ಬಿಗಿದೆವು.

ಕೂಡಿಸುವ ಮುಂಚೆ ಕಡಿದ ಮುಖಗಳಿಗೆಲ್ಲ ಬೋರಾಕ್ಸ್, ಬೋರಿಕ್ ಪುಡಿ ಕರಗಿಸಿದ ಬಿಸಿನೀರು ಬಳಿದಿದ್ದೆ. ಎಲ್ಲ ಆರಿದ ಮೇಲೆ ಬುಡಕ್ಕೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ. ಅದು ಚರ್ಮಕ್ಕೆ ತಾಗಿದರೆ ಸುಟ್ಟು ಗುಳ್ಳೆ ಏಳುತ್ತದೆ, ಗ್ಲೌಸ್ ಬೇಕೇ ಬೇಕು.

ಈಗ ಕಂಬ ನೆಲದಿಂದ 4 ಇಂಚು ಎತ್ತರದ ಕಲ್ಲಿನ ಮೇಲಿದೆ. ಜೂನ್‌ನ ಮೊದಲ ಜೋರು ಮಳೆಯ ಮಾರನೇ ಬೆಳಿಗ್ಗೆ ಮುಟ್ಟಿ ನೋಡಿದೆ. ಕಲ್ಲು ಒದ್ದೆ, ಮರ ಒಣ. ಉಳಿದ ಕಂಬಗಳ ಸುತ್ತಲಿನ ಸಿಮೆಂಟನ್ನೂ ಒಡೆದು ತೆಗೆದಿದ್ದೇನೆ. ಎರಡು ಗಟ್ಟಿ ಇವೆ. ಮೂಲೆಯದು ಡಬ್ ಎನ್ನುತ್ತಿದೆ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆ ನಿಂತ ಮೇಲೆ ಆಚಾರಿ ಬರುತ್ತಾರೆ.